ತಾಯಿ ಕಡೆಯಿಂದ: ನ್ಯಾನ್ಸಿ ವಾರ್ಡ್ ಊರುಗಳಲ್ಲಿ ಒಂದು ಸುತ್ತು

ಬಾಲ್ ಗ್ರೌಂಡ್ ಅಟ್ಲಾಂಟಾದಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆ ದಾರಿ. ಊರ ನಡುವೆ ರೈಲು ಹಳಿ, ಅದರ ಪಕ್ಕ ಒಂದಷ್ಟು ಅಂಗಡಿ. ಸುಮ್ನೆ ಹಾದು ಹೋಗುವವರಿಗೆ ನಿಲ್ಲಬೇಕು ಅನ್ನಿಸುವ ಊರಲ್ಲ. ಆದರೆ ಇದರ ಆಸುಪಾಸಿನಲ್ಲೇ ತಲಿವಾ ಎಂಬ ಜಾಗ ಇತ್ತು. 1755ರಲ್ಲಿ ಅಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿಗಳಿಗೂ ಕ್ರೀಕ್ ಜನಕ್ಕೂ ದೊಡ್ಡ ಕಾಳಗ ಆಯಿತು. ಕಿಂಗ್‌ಫಿಶರ್ ಎಂಬ ಚೆರೋಕಿ ಯೋಧ ಮರದ ದಿಮ್ಮಿಯ ಮರೆಯಲ್ಲಿ ಕೂತು ಗುಂಡು ಹಾರಿಸುತ್ತಿದ್ದನಂತೆ. ಪಕ್ಕದಲ್ಲಿ ಅವನ ಹೆಂಡತಿ. ಹದಿನೇಳೋ ಹದಿನೆಂಟೋ ವಯಸ್ಸು. ಸೀಸದ ಗುಂಡುಗಳನ್ನು ಹಲ್ಲಿನಲ್ಲಿ ಕಚ್ಚಿ ಒರಟು ಮಾಡಿ ಗಂಡನ ಕೈಗೆ ಕೊಡುತ್ತಿದ್ದಳು, ತಾಗಿದರೆ ಗಾಯ ಜಾಸ್ತಿ ಆಗಲಿ ಎಂದು. ಗಂಡ ಸತ್ತುಬಿದ್ದ. ಅವನ ಬಂದೂಕು ಎತ್ತಿಕೊಂಡು ಇವಳೇ ಮುನ್ನುಗ್ಗಿದಳು. ಚೆರೋಕಿಗಳು ಗೆದ್ದರು.

ಆಕೆ ನನ್ಯೆಹಿ. ಮುಂದೆ ಬಿಳಿಯರ ಕಾಗದಗಳಲ್ಲಿ ನ್ಯಾನ್ಸಿ ವಾರ್ಡ್.

ನಾವು ಹೊರಟಿದ್ದು ಮೂರು ಜನ. ನಾನು, ನನ್ನ ಹೆಂಡತಿ, ಜೊತೆಗೆ ನನ್ನ ಆಫೀಸಿನ ಗೆಳೆಯ. ಅವನು ಜಾರ್ಜಿಯಾದಲ್ಲೇ ಹುಟ್ಟಿ ಬೆಳೆದವನು. ಅವನ ಅಜ್ಜಿ ಹೇಳುತ್ತಿದ್ದ ಪ್ರಕಾರ ಅವರ ಮನೆತನದಲ್ಲಿ ಒಬ್ಬಳು ಚೆರೋಕಿ 'ರಾಜಕುಮಾರಿ' ಇದ್ದಳು, ನ್ಯಾನ್ಸಿ ವಾರ್ಡ್ ವಂಶದವಳು. ಅಮೆರಿಕದ ದಕ್ಷಿಣ ರಾಜ್ಯಗಳ ಮನೆಗಳಲ್ಲಿ, ಅಂದರೆ ಜಾರ್ಜಿಯಾ, ಟೆನೆಸಿ, ಅಲಬಾಮಾ ಕಡೆ, ಈ ರಾಜಕುಮಾರಿ ಎಷ್ಟು ಸಾಮಾನ್ಯ ಎಂದರೆ 2010ರ ಜನಗಣತಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ತಮ್ಮನ್ನು ಚೆರೋಕಿ ಎಂದು ಬರೆಸಿಕೊಂಡಿದ್ದಾರೆ. ಚೆರೋಕಿಗಳಲ್ಲಿ ರಾಜರೇ ಇರಲಿಲ್ಲ, ಇನ್ನು ರಾಜಕುಮಾರಿ ಎಲ್ಲಿಂದ ಬರಬೇಕು? ಗೆಳೆಯನಿಗೂ ಇದು ಗೊತ್ತು. ಆದರೂ ಅಜ್ಜಿಯ ಮಾತು ಅಲ್ವಾ, ಹಾಗೇ ಬಿಡಲು ಮನಸ್ಸಿಲ್ಲ. ಒಂದು ದಪ್ಪ ಫೈಲು ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತ.

ಎಲಿಜೇ ದಾಟಿ ಬೆಟ್ಟ ಇಳಿದರೆ ಚಾಟ್ಸ್‌ವರ್ತ್. ಅಲ್ಲಿ 1804ರಲ್ಲಿ ಜೇಮ್ಸ್ ವಾನ್ ಎಂಬ ಸಿರಿವಂತ ಚೆರೋಕಿ ಕಟ್ಟಿಸಿದ ಇಟ್ಟಿಗೆಯ ಮಹಡಿ ಮನೆ ಇದೆ. ಅಷ್ಟು ದೊಡ್ಡ ಮನೆ ನಡೆಸಿದ್ದು ಕಪ್ಪು ಗುಲಾಮರ ದುಡಿಮೆಯಿಂದ. ನನ್ಯೆಹಿಯ ಕಥೆಯಲ್ಲೂ ಇದು ಬರುತ್ತದೆ. ತಲಿವಾದಲ್ಲಿ ಗೆದ್ದ ಮೇಲೆ ಲೂಟಿಯ ಪಾಲಾಗಿ ಅವಳಿಗೆ ಒಬ್ಬ ಗುಲಾಮನನ್ನು ಕೊಟ್ಟರು ಎನ್ನುತ್ತಾರೆ. ವೀರಗಾಥೆ ಹೇಳುವವರು ಈ ಸಾಲನ್ನು ಮೆಲ್ಲಗೆ ನುಂಗಿಬಿಡುತ್ತಾರೆ.

ಅಲ್ಲಿಂದ ಮುಂದೆ 411ನೇ ಹೆದ್ದಾರಿ. ಇದೊಂದೇ ರಸ್ತೆ ಹಿಡಿದು ಹೋದರೂ ಅವಳ ಬದುಕಿನ ಮುಖ್ಯ ಜಾಗಗಳೆಲ್ಲ ಸಿಗುತ್ತವೆ, ಆದರೆ ತಿರುವುಮುರುವಾಗಿ. ಮೊದಲು ಸಮಾಧಿ, ಆಮೇಲೆ ಹುಟ್ಟೂರು.

ಟೆನೆಸಿಯ ಬೆಂಟನ್ ಊರಿಗೆ ಸ್ವಲ್ಪ ಮೊದಲು, ರಸ್ತೆ ಪಕ್ಕದ ಸಣ್ಣ ದಿಣ್ಣೆಯ ಮೇಲೆ ಆ ಸಮಾಧಿ. ಹತ್ತಿರದಲ್ಲೇ ಓಕೋಯಿ ನದಿ ಹರಿಯುತ್ತದೆ. 1996ರ ಒಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧೆ ನಡೆದ ನದಿ ಇದು. ಇವತ್ತಿಗೂ ಈ ದಾರಿಯಲ್ಲಿ ಓಡಾಡುವವರು ರಾಫ್ಟಿಂಗಿಗೆ ಬಂದವರೇ ಜಾಸ್ತಿ. ಮೇಲೆ ಕಬ್ಬಿಣದ ಬೇಲಿ, ಒಳಗೆ ಮೂರು ಸಮಾಧಿ. ನನ್ಯೆಹಿ, ಅವಳ ಮಗ ಫೈವ್‌ಕಿಲ್ಲರ್, ತಮ್ಮ ಲಾಂಗ್‌ಫೆಲೋ. ಕಲ್ಲುಗಳನ್ನು ಗೋಪುರದ ಹಾಗೆ ಪೇರಿಸಿ 1923ರಲ್ಲಿ ಒಂದು ಕಂಚಿನ ಫಲಕ ಹಾಕಿದ್ದಾರೆ. ಹಾಕಿಸಿದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರ ವಂಶದ ಹೆಂಗಸರ ಸಂಘ. ಫಲಕ ಅವಳನ್ನು 'ಟೆನೆಸಿಯ ರಾಜಕುಮಾರಿ', ಬಿಳಿಯ ವಲಸಿಗರ ನಿತ್ಯ ಗೆಳತಿ ಎಂದು ಕೊಂಡಾಡುತ್ತದೆ.

"ನೋಡು, ನಮ್ಮಜ್ಜಿಯ ತಪ್ಪಲ್ಲ," ಎಂದ ಗೆಳೆಯ. "ಕಂಚಿನಲ್ಲೇ ಬರೆದಿದ್ದಾರೆ."

ಫಲಕ ಹೇಳುವುದು ಅರ್ಧ ಕಥೆ. 1776ರಲ್ಲಿ ಚೆರೋಕಿಗಳು ವಟಾಗಾ ನದಿಯ ವಲಸಿಗರ ಮೇಲೆ ದಾಳಿಗೆ ಹೊರಟಾಗ ಅವಳು ಮುಂಚೆಯೇ ಸುದ್ದಿ ಮುಟ್ಟಿಸಿದ್ದು ನಿಜ. ಸೆರೆ ಸಿಕ್ಕ ಲಿಡಿಯಾ ಬೀನ್ ಎಂಬಾಕೆಯನ್ನು ಸುಡುವ ಕಂಬದಿಂದ ಬಿಡಿಸಿದ್ದೂ ಅವಳೇ. ಅವಳಿಗೆ 'ಘಿಗೌ' ಎಂಬ ಪದವಿ ಇತ್ತು. ಹೆಂಗಸರ ಸಭೆಗೆ ಅವಳೇ ಮುಖ್ಯಸ್ಥೆ, ಗಂಡಸರ ಸಭೆಯಲ್ಲೂ ಅವಳ ಮಾತಿಗೆ ಬೆಲೆ, ಸೆರೆಯಾಳುಗಳನ್ನು ಕ್ಷಮಿಸುವ ಅಧಿಕಾರ. 1781ರಲ್ಲಿ ಹೋಲ್ಸ್‌ಟನ್ ನದಿಯ ನಡುಗಡ್ಡೆಯಲ್ಲಿ ಸಂಧಾನ ನಡೆದಾಗ ಬಿಳಿಯ ಅಧಿಕಾರಿಗಳ ಮುಂದೆ ನಿಂತು, ನಾವು ನಿಮ್ಮ ತಾಯಂದಿರು, ನೀವು ನಮ್ಮ ಮಕ್ಕಳು ಎಂದು ಮಾತಾಡಿದವಳು. ಆದರೆ ಫಲಕದಲ್ಲಿ ಇಲ್ಲದ ಒಂದು ಕಾಗದ ಇದೆ. 1817ರ ಮೇ 2ರಂದು ಚೆರೋಕಿ ಹೆಂಗಸರು ತಮ್ಮ ಸಭೆಗೆ ಕಳಿಸಿದ ಮನವಿ. ಇನ್ನು ಒಂದು ತುಂಡು ಭೂಮಿಯನ್ನೂ ಕೊಡಬೇಡಿ ಎಂಬುದು ಅದರ ಸಾರ. ಅದರಲ್ಲಿ ಮುದುಕಿ ನನ್ಯೆಹಿ ತನಗೆ ತುಂಬಾ ಮೊಮ್ಮಕ್ಕಳಿದ್ದಾರೆ, ಅವರು ನಮ್ಮ ನೆಲದ ಮೇಲೆ ಚೆನ್ನಾಗಿರಲಿ ಎಂದು ಬರೆಸಿದ್ದಾಳೆ. ಮಗಳು ಕೇಟಿ ಹಾರ್ಲನ್ ಹೆಸರೂ ಅಲ್ಲಿದೆ. ಈ ಕಾಗದ ಉಳಿದುಕೊಂಡಿದ್ದು ಎಲ್ಲಿ ಅಂತೀರಿ? ಮುಂದೆ ಅಮೆರಿಕದ ಅಧ್ಯಕ್ಷನಾಗಿ ಚೆರೋಕಿಗಳನ್ನು ಒಕ್ಕಲೆಬ್ಬಿಸಲು ಹೊರಟ ಆಂಡ್ರೂ ಜಾಕ್ಸನ್‌ನ ಕಾಗದಪತ್ರಗಳ ನಡುವೆ!

ಭೂಮಿ ಉಳಿಯಲಿಲ್ಲ. 1819ರ ಒಪ್ಪಂದದಲ್ಲಿ ಹೈವಾಸಿ ನದಿಯ ಉತ್ತರದ ಊರುಗಳೆಲ್ಲ ಹೋದವು. ಅವಳು ಓಕೋಯಿ ದಂಡೆಗೆ ಬಂದು, ದಾರಿಹೋಕರಿಗೆ ತಂಗಲು ಒಂದು ಮನೆ ನಡೆಸಿದಳು. 1822ರಲ್ಲಿ ತೀರಿಕೊಂಡಳು.

ರಾತ್ರಿ ಮೋಟೆಲಿನಲ್ಲಿ ಗೆಳೆಯ ಫೈಲು ಬಿಚ್ಚಿದ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ವಂಶವೃಕ್ಷವನ್ನು ಮಂಚದ ಮೇಲೆ ಹರಡಿದ. ನನ್ಯೆಹಿಯಿಂದ ಹಿಂದಕ್ಕೆ ಅಪ್ಪ, ಅಪ್ಪನ ಅಪ್ಪ, ಅವನಪ್ಪ, ಎಲ್ಲರಿಗೂ ಹೆಸರು, ಹುಟ್ಟಿದ ವರ್ಷ. ನೋಡಿದರೆ ಗಟ್ಟಿ ಅನ್ನಿಸಬೇಕು, ಆದರೆ ಅಷ್ಟು ಹಿಂದಿನ ಚೆರೋಕಿಗಳಿಗೆ ಅಂಥ ದಾಖಲೆಯೇ ಇಲ್ಲ. ನನ್ಯೆಹಿಯ ಅಪ್ಪ ಯಾರು ಎಂಬುದರಲ್ಲೇ ಒಮ್ಮತ ಇಲ್ಲ. ಆದರೆ ತಾಯಿ ಟೇಮ್ ಡೋ, ತಾಯಿಯ ಅಣ್ಣ ಅಟ್ಟಕುಲ್ಲಕುಲ್ಲ, ಕುಲ ತೋಳ ಎಂಬ ವಿಷಯದಲ್ಲಿ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ. ಸೋದರಮಾವ ಸಾಮಾನ್ಯನಲ್ಲ, 1730ರಲ್ಲಿ ಲಂಡನ್ನಿಗೆ ಹೋಗಿ ರಾಜನನ್ನು ನೋಡಿ ಬಂದವನು.

ನನ್ನ ಹೆಂಡತಿ ಕುಂದಾಪುರದ ಬಂಟರ ಮನೆಯವಳು. ಅಲ್ಲಿಯವರೆಗೆ ಫೋನು ನೋಡುತ್ತಿದ್ದವಳು ತಲೆ ಎತ್ತಿದಳು. "ನಮ್ಮಲ್ಲೂ ಬಳಿ ಅಬ್ಬಿಯಿಂದ್ಲೇ ಅಲ್ದಾ ಮಾರಾಯ್ರೆ ಬಪ್ಪುದ್?"

ಬಳಿ ಅಂದರೆ ಕುಲ, ಅಬ್ಬಿ ಅಂದರೆ ತಾಯಿ. ಹೌದು, ಅಳಿಯಸಂತಾನದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೆರೋಕಿಗಳಲ್ಲಿ ಏಳು ಕುಲ. ಮಕ್ಕಳದು ತಾಯಿಯ ಕುಲ, ಒಂದೇ ಕುಲದೊಳಗೆ ಮದುವೆ ಇಲ್ಲ, ಮಕ್ಕಳನ್ನು ತಿದ್ದುವ ಹೊಣೆ ಸೋದರಮಾವನದು. ಮನೆ ಹೆಂಡತಿಯದು. ಹಾಗಾಗಿ ಅಪ್ಪನ ಹೆಸರು ಮರೆತುಹೋದರೂ ಯಾರಿಗೂ ಏನೂ ತೊಂದರೆ ಇರಲಿಲ್ಲ. ಗೆಳೆಯನ ವಂಶವೃಕ್ಷ ಮಾಡಿದವರು ಯುರೋಪಿನ ಲೆಕ್ಕದಲ್ಲಿ ಅಪ್ಪಂದಿರನ್ನು ಹುಡುಕಿದರು, ಸಿಗದ ಕಡೆ ತುಂಬಿದರು.

ನನ್ಯೆಹಿಯ ಎರಡನೇ ಗಂಡ ಬ್ರಯಂಟ್ ವಾರ್ಡ್ ಎಂಬ ಬಿಳಿಯ ವ್ಯಾಪಾರಿ. ಸೌತ್ ಕ್ಯಾರೊಲಿನಾದಲ್ಲಿ ಅವನಿಗೆ ಬೇರೆ ಹೆಂಡತಿ ಇದ್ದಳು, ಕೊನೆಗೆ ಅಲ್ಲಿಗೇ ಹೋದ. ಹೋದರೆ ಹೋದ. ಅವರ ಮಗಳು ಬೆಟ್ಸಿ ತೋಳ ಕುಲದವಳೇ. ಬೆಟ್ಸಿ ವರ್ಜೀನಿಯಾದ ಅಧಿಕಾರಿ ಜೋಸೆಫ್ ಮಾರ್ಟಿನ್‌ನನ್ನು ಮದುವೆಯಾದಳು. ಅವಳ ಮಕ್ಕಳೂ ತೋಳ ಕುಲ. ಇದರ ಉಲ್ಟಾ ಆದರೆ, ಅಂದರೆ ಅಪ್ಪ ಚೆರೋಕಿ, ತಾಯಿ ಬಿಳಿಯಳು ಆದರೆ, ಮಗುವಿಗೆ ಕುಲವೇ ಇಲ್ಲ! ಅಂಥ ಮಕ್ಕಳನ್ನೂ ಚೆರೋಕಿ ಪ್ರಜೆ ಎಂದು ಒಪ್ಪುವ ಕಾನೂನು ಬಂದಿದ್ದು 1825ರಲ್ಲಿ. ಅದಾಗಿ ಎರಡು ವರ್ಷಕ್ಕೆ ಬರೆದ ಸಂವಿಧಾನ ಮತದಾನವನ್ನು ಗಂಡಸರಿಗಷ್ಟೇ ಕೊಟ್ಟಿತು. ನನ್ಯೆಹಿ ಅದನ್ನು ನೋಡಲು ಇರಲಿಲ್ಲ.

ಕಾಗದದ ಕಥೆಯೂ ಇದೇ. 1835ರಲ್ಲಿ ಸರ್ಕಾರ ಚೆರೋಕಿಗಳ ಗಣತಿ ಮಾಡಿತು: 16,542 ಜನ, ಅವರ ಬಳಿ 1,592 ಗುಲಾಮರು. ಎಷ್ಟು ಜನ ನೂಲುತ್ತಾರೆ, ಎಷ್ಟು ಜನ ನೇಯುತ್ತಾರೆ, ಎಷ್ಟು ಜನ ಓದುತ್ತಾರೆ ಎಂದೆಲ್ಲ ಬರೆದರು. ಹೆಸರು ಬರೆದಿದ್ದು ಮನೆಯ ಯಜಮಾನರದ್ದು ಮಾತ್ರ. ಉಳಿದವರೆಲ್ಲ ಬರೀ ಸಂಖ್ಯೆ. ಆಮೇಲೆ 1838ರಲ್ಲಿ ಒಕ್ಕಲೆಬ್ಬಿಸಿ ಓಕ್ಲಹೋಮಾದ ಕಡೆ ನಡೆಸಿದರು. 1851ರ ಡ್ರೆನನ್ ಪಟ್ಟಿಯಲ್ಲಿ ಮನೆಮಂದಿಯ ಹೆಸರು ಸಿಗುತ್ತವೆ. 1898ರಿಂದ ಮಾಡಿದ ಡಾಸ್ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದು ನಂಬರು. ಇವತ್ತು ಓಕ್ಲಹೋಮಾದ ಚೆರೋಕಿಗಳ ಸರ್ಕಾರವಾದ ಚೆರೋಕಿ ನೇಷನ್‌ನ ಪ್ರಜೆಯಾಗಬೇಕಾದರೆ ಈ ಪಟ್ಟಿಯಲ್ಲಿ ನಿಮ್ಮ ಹಿರಿಯರೊಬ್ಬರು ಇರಲೇಬೇಕು. ಡಿಎನ್‌ಎ ಪರೀಕ್ಷೆ ತೋರಿಸಿದರೆ ನಡೆಯುವುದಿಲ್ಲ. ಗುಲಾಮರಾಗಿದ್ದವರ ಮಕ್ಕಳದ್ದು ಅದರಲ್ಲೇ ಬೇರೆ ಪಟ್ಟಿ. ಅವರಿಗೂ ಪೂರ್ತಿ ಹಕ್ಕಿದೆ ಎಂದು ಕೋರ್ಟು ಹೇಳುವಷ್ಟರಲ್ಲಿ 2017 ಬಂದಿತ್ತು.

ನನ್ಯೆಹಿಯ ಗೊತ್ತಿರುವ ವಂಶ ಬಹುಪಾಲು ಓಕ್ಲಹೋಮಾ ಸೇರಿತು. ಎಮ್ಮೆಟ್ ಸ್ಟಾರ್ ಎಂಬ ಚೆರೋಕಿ ವೈದ್ಯರು ಹಳೆಯ ಮನೆತನಗಳನ್ನೆಲ್ಲ ಮನೆಮನೆ ಕೇಳಿ 1921ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಇವಳ ಸಂತತಿಗೆ ಒಂದು ಭಾಗವೇ ಇದೆ. ಗೆಳೆಯನ ಮನೆಯವರು ಅಲ್ಲಿ ಇಲ್ಲ.

ಮರುದಿನ ವೋನೋರ್. ಊರಾಚೆ ಟೆಲಿಕೋ ಜಲಾಶಯದ ಅಂಚಿನಲ್ಲಿ ಚೋಟಾ, ನನ್ಯೆಹಿಯ ಹುಟ್ಟೂರು, ಒಂದು ಕಾಲಕ್ಕೆ ಚೆರೋಕಿಗಳ ರಾಜಧಾನಿ. ಈಗ ಊರು ನೀರಿನಡಿ. 1979ರಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿದರು. ಚೆರೋಕಿಗಳು ಕೋರ್ಟಿಗೆ ಹೋಗಿ ಸೋತರು. ಸಭೆಯ ಮನೆ ಇದ್ದ ಜಾಗವನ್ನಷ್ಟೇ ಮಣ್ಣು ತುಂಬಿ ಎತ್ತರಿಸಿ ಎಂಟು ಕಂಬ ನಿಲ್ಲಿಸಿದ್ದಾರೆ: ಏಳು ಕುಲಕ್ಕೆ ಏಳು, ಇಡೀ ಜನಾಂಗಕ್ಕೆ ಒಂದು. ಪಕ್ಕದಲ್ಲೇ ತಲಿವಾ ಕಾಳಗದ ನಾಯಕ ಒಕೊನೊಸ್ಟೋಟನ ಸಮಾಧಿ. ನೀರು ನಿಲ್ಲಿಸುವ ಮೊದಲು ಅಗೆದಾಗ ಅಸ್ಥಿಯ ಜೊತೆ ಒಂದು ಜೋಡಿ ಕನ್ನಡಕ ಸಿಕ್ಕಿತಂತೆ. ಮುಪ್ಪಿನಲ್ಲಿ ಅವನು ಕನ್ನಡಕ ಹಾಕುತ್ತಿದ್ದ, ಅದರಿಂದಲೇ ಗುರುತು ಹತ್ತಿತು. ಅಷ್ಟು ದೊಡ್ಡ ಯೋಧ ಮೂಗಿನ ಮೇಲೆ ಕನ್ನಡಕ ಏರಿಸಿ ಕೂತಿದ್ದನ್ನು ನೆನೆದು ನನಗೆ ಅವನ ಮೇಲೆ ಅಕ್ಕರೆ ಹುಟ್ಟಿತು.

ಗೆಳೆಯ ತೋಳದ ಕಂಬದ ಹತ್ತಿರ ಫೋಟೊ ತೆಗೆಸಿಕೊಳ್ಳಲು ಒಪ್ಪಲಿಲ್ಲ. "ನಮ್ಮದು ಅಂತ ಗೊತ್ತಾಗಲಿ ಮೊದಲು," ಎಂದ. ಅವನ ಫೈಲಿನಲ್ಲಿ ಕೆಲಸಕ್ಕೆ ಬರುವ ಕಾಗದ ಒಂದೇ, ಅದೂ ತಿರಸ್ಕಾರವಾದ ಅರ್ಜಿ. ಒಪ್ಪಂದ ಮುರಿದಿದ್ದಕ್ಕೆ ಚೆರೋಕಿಗಳಿಗೆ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿದ ಮೇಲೆ, 1906ರಿಂದ ಗಯನ್ ಮಿಲ್ಲರ್ ಎಂಬ ಅಧಿಕಾರಿ ಅರ್ಜಿ ಕರೆದ. 45,000ಕ್ಕೂ ಹೆಚ್ಚು ಅರ್ಜಿ ಬಂದವು. ಹಣದ ಆಸೆಗೆ ಬರೆದವರೂ ಇದ್ದರು, ನಿಜವಾಗಿ ನಂಬಿ ಬರೆದವರೂ ಇದ್ದರು. ಗೆಳೆಯನ ಮುತ್ತಜ್ಜನ ಅರ್ಜಿ 1835ರ ಪಟ್ಟಿಯಲ್ಲಿ ಹಿರಿಯರ ಹೆಸರಿಲ್ಲ ಎಂದು ತಿರಸ್ಕಾರವಾಯಿತು.

ಆದರೆ ಆ ಫಾರಂನಲ್ಲಿ ಅಜ್ಜ ಅಜ್ಜಿಯರ ಹೆಸರು ಕೇಳಿದ್ದಾರೆ. ಅಪ್ಪನ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿಯ ಕಡೆಯವರು, ಎಲ್ಲ ಕೇಳಿದ್ದಾರೆ. ಇಷ್ಟು ವರ್ಷ ಇವನು ಅಪ್ಪನ ಕಡೆಯ ಸಾಲುಗಳನ್ನಷ್ಟೇ ಓದಿದ್ದ. ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ನನ್ನ ಹೆಂಡತಿ ತಾಯಿ ಕಡೆಯ ಸಾಲಿಗೆ ಬೆರಳಿಟ್ಟಳು. ಅಲ್ಲಿ ಒಬ್ಬ ದೊಡ್ಡಮ್ಮನ ಹೆಸರು, ಮುಂದೆ ಊರು: ಬೆಂಟನ್.

"ನಿನ್ನೆಯೇ ಅಲ್ಲಿದ್ದೆವಲ್ಲ!" ಎಂದು ಅವನು ತಲೆ ಚಚ್ಚಿಕೊಂಡ. ವಾಪಸ್ ಹೋಗಲು ಹೇಗೂ ಅದೇ ರಸ್ತೆ. ಕೌಂಟಿ ಕಚೇರಿ ಮುಚ್ಚುವುದರೊಳಗೆ ಮದುವೆ ರಿಜಿಸ್ಟರ್ ನೋಡಬಹುದಾ ಎಂದು ಫೋನು ಮಾಡಿ ಕೇಳಿದ. ಬನ್ನಿ ಎಂದರು. ಊಟ ಆಮೇಲೆ ನೋಡೋಣ ಎಂದು ಹೊರಟೆವು.