ಏನರೆ, ಎಬ್ಬೆಸ್

ಜರ್ಮನಿಯ ಟ್ಯೂಬಿಂಗನ್‌ಗೆ ಓದಲು ಬಂದ ಮೊದಲ ವಾರ ಬೇಕರಿಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದಿದ್ದೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಒಂದು ವರ್ಷ ಸಂಜೆ ಕ್ಲಾಸಿಗೆ ಹೋಗಿ ಜರ್ಮನ್ ಕಲಿತು, ಪರೀಕ್ಷೆ ಪಾಸು ಮಾಡಿಕೊಂಡೇ ವಿಮಾನ ಹತ್ತಿದವಳು ನಾನು. ಸಣ್ಣ ಬನ್ನಿಗೆ ‘ಬ್ರೋಟ್‌ಶೆನ್’ ಅನ್ನಬೇಕು ಅಂತ ಗೊತ್ತಿತ್ತು. ಎರಡು ಕೊಡಿ ಅಂದೆ. ಗಲ್ಲೆಯ ಹಿಂದಿದ್ದ ಹೆಂಗಸು ‘ವೆಕ್ಲೆ?’ ಅಂದರು. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಅವರು ಬನ್ನು ಚೀಲಕ್ಕೆ ಹಾಕುತ್ತ ‘ಸೋನ್ಶ್ಟ್ ನೋ ಎಬ್ಬೆಸ್?’ ಅಂದರು. ಕೇಳಿದ್ದೋ ಗದರಿದ್ದೋ ತಿಳಿಯಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಕ್ಷಮಿಸಿ ಅಂತ ಹೇಳಿ ಹೊರಗೆ ಬಂದುಬಿಟ್ಟೆ. ಆ ದಿನ ಹಾಸ್ಟೆಲಿನ ಕೋಣೆಯಲ್ಲಿ ಕೂತು ಅತ್ತಿದ್ದು ಹಸಿವಿಗಲ್ಲ.

ಇದು ಶ್ವಾಬಿಯಾ ಸೀಮೆ ಅಂತ ಆಮೇಲೆ ತಿಳಿಯಿತು. ಪುಸ್ತಕದ ಜರ್ಮನ್ ಬೇರೆ, ಈ ಮಣ್ಣಿನ ಜರ್ಮನ್ ಬೇರೆ. ಇಲ್ಲಿ ಬ್ರೋಟ್‌ಶೆನ್ ಅಂದರೆ ವೆಕ್ಲೆ, ಚಿಕ್ಕದೆಲ್ಲದರ ಬಾಲಕ್ಕೂ ಒಂದು ‘ಲೆ’. ‘ಎಬ್ಬೆಸ್’ ಅಂದರೆ ಏನಾದರೂ. ಅಲ್ಲ, ನಮ್ಮ ಧಾರವಾಡದ ‘ಏನರೆ’! ಆ ಹೆಂಗಸು ‘ಮತ್ತೇನರೆ ಬೇಕೇನವಾ?’ ಅಂತಲೇ ಕೇಳಿದ್ದರು. ಬೆಂಗಳೂರಿನ ಪಿಜಿಯಲ್ಲಿ ನಾನು ‘ಏನರೆ ತಿನ್ನೂಣು ಬರ್ರಿ’ ಅಂದಾಗ ಗೆಳತಿಯರು ನಕ್ಕಿದ್ದರು. ಎರಡು ವರ್ಷದಲ್ಲಿ ನನ್ನ ಬಾಯಿಂದ ‘ಏನರೆ’ ಹೋಗಿ ‘ಏನಾದ್ರೂ’ ಬಂದಿತ್ತು. ಅದನ್ನು ಕಳೆದುಕೊಂಡ ಬೇಸರ ಇಷ್ಟು ದೂರ ಬಂದ ಮೇಲೆ ನನಗೆ ಹತ್ತಿತು.

ಹೇಳಬೇಕೆಂದಿರುವುದು ನವೆಂಬರಿನ ಒಂದು ಶುಕ್ರವಾರದ ಸಂಗತಿ. ಬೆಳಿಗ್ಗೆ ಎಂಟಕ್ಕೂ ಮಬ್ಬು. ನೆಕ್ಕರ್ ನದಿಯ ಕಣಿವೆ ತುಂಬ ಮಂಜು. ಬಸ್ಸು ಏರು ಹತ್ತಿದಂತೆ ಹಳೆ ಊರಿನ ಮಾಡುಗಳೆಲ್ಲ ಅದರಲ್ಲಿ ಮುಳುಗಿದವು. ಸುಮಾರು 90 ಸಾವಿರ ಜನರ ಊರಿದು, ವಿದ್ಯಾರ್ಥಿಗಳೇ ಸುಮಾರು 28 ಸಾವಿರ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ. ನಾನು ಓದುವ ಜೀವರಸಾಯನಶಾಸ್ತ್ರಕ್ಕಂತೂ ಇದು ತವರು. ಗುಡ್ಡದ ಮೇಲಿನ ಕೋಟೆಯ ಹಳೆ ಅಡುಗೆಮನೆಯಲ್ಲಿ, 1869ರಲ್ಲಿ, ಫ್ರೀಡ್ರಿಶ್ ಮೀಶರ್ ಎಂಬ ತರುಣ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಇಂದು ಡಿಎನ್‌ಎ ಅಂತ ಕರೆಯುತ್ತೇವಲ್ಲ, ಅದು ಮೊದಲು ಕೈಗೆ ಸಿಕ್ಕಿದ್ದು ಹಾಗೆ. ಆ ಕೋಣೆ ನೋಡಬೇಕೆಂಬ ಆಸೆಯೇ ನನ್ನನ್ನು ಈ ಊರಿಗೆ ಅರ್ಜಿ ಹಾಕಿಸಿದ್ದು.

ಆ ದಿನ ಪ್ರಾಕ್ಟಿಕಲ್. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ಲಿನಲ್ಲಿ, ಕೂದಲೆಳೆಯಷ್ಟೇ ಅಂತರದ ಗುಣಿಗಳಿಗೆ ಒಂದೊಂದಾಗಿ ನೀಲಿ ದ್ರಾವಣ ಇಳಿಸಬೇಕು. ಕ್ಲಾಸು ಇಂಗ್ಲಿಷಿನಲ್ಲಿ. ಆದರೆ ಲ್ಯಾಬಿನ ಟೆಕ್ನಿಶಿಯನ್ ಇಲ್ಲಿಯವರೇ, ನಿವೃತ್ತಿಗೆ ಹತ್ತಿರವಾದ ಹೆಂಗಸು. ಕನ್ನಡಕದ ಮೇಲಿಂದ ನೋಡುವ ರೀತಿಗೆ ಮನಸ್ಸಿನಲ್ಲೇ ಅವರನ್ನು ‘ಅಕ್ಕೋರು’ ಅಂತ ಕರೆಯುತ್ತಿದ್ದೆ, ಊರಿನಲ್ಲಿ ಟೀಚರಿಗೆ ಅನ್ನುವ ಹಾಗೆ. ಉಳಿದವರದು ಮುಗಿಯುತ್ತ ಬಂದಿತ್ತು. ಅವಸರಕ್ಕೆ ಕೈ ನಡುಗಿ ನನ್ನ ಮೂರನೇ ಗುಣಿಯ ನೀಲಿ ನಾಲ್ಕನೆಯದಕ್ಕೆ ಹರಿಯಿತು. ಜೆಲ್ ಹಾಳಾಯಿತು.

ಅಕ್ಕೋರು ಬಂದು ಪಕ್ಕದಲ್ಲಿ ನಿಂತರು. ಹೊಸ ಜೆಲ್ ಇಟ್ಟರು. ‘ನೋ ನೆಟ್ ಹುಡ್ಲಾ’ ಅಂದರು.

ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಯಾವ ಪಾಠದಲ್ಲೂ ಇರಲಿಲ್ಲ. ಆದರೂ ಅರ್ಥವಾಯಿತು. ರೊಟ್ಟಿ ಬಡಿಯಲು ಕಲಿಯುವಾಗ ನನ್ನ ಹಿಟ್ಟು ಹರಿದರೆ ಅವ್ವ ಅನ್ನುತ್ತಿದ್ದ ‘ಗಡಿಬಿಡಿ ಮಾಡಬ್ಯಾಡ’ ಅದೇ ದನಿಯಲ್ಲಿ, ಅದೇ ಇಳಿಜಾರಿನಲ್ಲಿ ಬಂದಿತ್ತು. ಹನ್ನೆರಡು ಗುಣಿಗಳನ್ನೂ ನಿಧಾನವಾಗಿ ತುಂಬಿದೆ. ಒಂದೂ ಹರಿಯಲಿಲ್ಲ.

ಕರೆಂಟಿಗೆ ಜೋಡಿಸಿ ಕಾಯುವಾಗ ಅದನ್ನು ಬರೆದುಕೊಡಿ ಅಂದೆ. ಅವರಿಗೆ ಆಶ್ಚರ್ಯ. ಕೈಗವಸಿನ ಡಬ್ಬದ ರಟ್ಟಿನ ತುಂಡೊಂದರ ಮೇಲೆ ಬರೆದರು. ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಅಂತ ಕೇಳಿದರು. ಹೇಳಿದೆ. ‘ಗಡಿಬಿಡಿ’ ಅಂತ ಅವರು ಎರಡು ಸಲ ಅಂದು ನೋಡಿದರು. ಡಕಾರ ಸ್ವಲ್ಪ ಮೆತ್ತಗಾಯಿತು, ಅಷ್ಟೆ. ನಾನು ಅಂದು ಎಷ್ಟು ಸಂತೋಷಪಟ್ಟೆನೋ ಬರೆಯಲಾರೆ.

ಮಧ್ಯಾಹ್ನ ಮೆನ್ಸಾದಲ್ಲಿ, ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನಿನಲ್ಲಿ, ಬೇಳೆಯ ಸಾರಿನಂಥದು, ಜೊತೆಗೆ ಶ್ಪೆಟ್ಸ್ಲೆ ಎಂಬ ಇಲ್ಲಿಯ ನೂಡಲ್ಸ್. ಸಾಸೇಜು ಬೇಡ ಅಂದು ತಿಂದು, ವಿಲ್‌ಹೆಲ್ಮ್ ಬೀದಿಯ ಗ್ರಂಥಾಲಯಕ್ಕೆ ಇಳಿದೆ. ಬುಧವಾರವೇ ಒಂದು ಪುಸ್ತಕ ತರಿಸಿಡಲು ಕೇಳಿದ್ದೆ, ಕಿಟ್ಟೆಲ್ ನಿಘಂಟು. ಧಾರವಾಡದಲ್ಲಿ ಬೆಳೆದವರಿಗೆ ಆ ಹೆಸರು ಹೊಸದಲ್ಲ. ಜರ್ಮನಿಯ ಉತ್ತರದ ಕಡಲಂಚಿನವರಾದ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ಕಡೆಗೆ ಬಂದವರು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ಇಷ್ಟು ಶಾಲೆಯಿಂದಲೇ ಗೊತ್ತು. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ನಾನು ಓದುವ ಇದೇ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದು ಇದೇ ಟ್ಯೂಬಿಂಗನ್ನಿನಲ್ಲಿ. ಇದು ನನಗೆ ಬಂದ ಮೇಲೆ ತಿಳಿದದ್ದು.

ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ. ‘ಗಡಿಬಿಡಿ’ ಹುಡುಕೋಣ ಅಂತ ಗಕಾರದ ಪುಟ ತೆಗೆದವಳು ದಾರಿಯಲ್ಲೇ ನಿಂತೆ. ಕೆಲವು ಶಬ್ದಗಳ ಮುಂದೆ ಕಂಸದಲ್ಲಿ ಸಣ್ಣ ಗುರುತುಗಳಿದ್ದವು. ಒಂದು ಮೈಸೂರಿನದು. ಇನ್ನೊಂದನ್ನು ಪುಸ್ತಕದ ಆರಂಭದ ಸಂಕೇತಪಟ್ಟಿಯಲ್ಲಿ ನೋಡಿದೆ: ದಕ್ಷಿಣ ಮರಾಠಾ ಸೀಮೆ. ಅಂದರೆ ಆಗಿನ ಧಾರವಾಡದ ಕಡೆ. ನಮ್ಮ ಕಡೆಯ ಮಾತು ಅಂತ ಆ ಮನುಷ್ಯ ಅದನ್ನು ಬಿಡಲಿಲ್ಲ, ತಿದ್ದಲೂ ಇಲ್ಲ. ಹಳಗನ್ನಡ ಕಾವ್ಯದ ಶಬ್ದವಿರುವ ಪುಟದಲ್ಲೇ, ಎಲ್ಲಿಯದು ಅಂತ ಗುರುತು ಹಾಕಿ, ಸಮನಾಗಿ ಕೂರಿಸಿದ್ದಾರೆ. ಆ ಗುರುತು ಇರುವ ಶಬ್ದಗಳನ್ನೇ ಹುಡುಕುತ್ತ, ಬೆರಳಿಟ್ಟು ಓದುತ್ತ ಕೂತೆ. ಕಿಟಕಿಯಾಚೆ ಐದಕ್ಕೆ ಮೊದಲೇ ಕತ್ತಲಾಗಿತ್ತು. ‘ಗಡಿಬಿಡಿ’ ಹುಡುಕುವುದು ಮರೆತೇ ಹೋಯಿತು.

ಬಸ್ ಸ್ಟಾಪಿನಿಂದ ಫೋನ್ ಮಾಡಿದಾಗ ಊರಲ್ಲಿ ಒಂಬತ್ತೂವರೆ ದಾಟಿತ್ತು. ಅವ್ವ ಎದ್ದೇ ಇದ್ದಳು.

“ಉಂಡೀ? ಥಂಡಿ ಭಾಳ ಐತೇನ?”

“ಐತಿ ಬೇ. ಅವ್ವಾ, ಇಲ್ಲೊಬ್ಬ ಅಕ್ಕೋರು ಇವತ್ತ ‘ಗಡಿಬಿಡಿ’ ಅಂತ ಅನ್ನಾಕ ಕಲತ್ರು.”

ಎಲ್ಲ ಹೇಳಿದೆ. ಜೆಲ್ ಅಂದರೇನು ಅಂತ ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ನಾ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇನ್ನೂ ಐತೇನ? ಸೋಮವಾರ ಅವರಿಗೆ ಒಂದೀಟು ಒಯ್ದು ಕೊಡು” ಅಂದಳು.

ರಾತ್ರಿ ಜಾಮಿನ ಖಾಲಿ ಬಾಟಲಿ ತೊಳೆದು ಒರೆಸಿ, ಅರ್ಧದಷ್ಟು ಚಟ್ನಿಪುಡಿ ತುಂಬಿದೆ. ಉಳಿದದ್ದು ನನಗೆ ಕ್ರಿಸ್‌ಮಸ್‌ವರೆಗೆ ಸಾಲದು. ಆದರೂ ಇನ್ನೊಂದು ಚಮಚ ಹಾಕಿ, ಮುಚ್ಚಳ ಬಿಗಿದೆ.