ಬಡವರು ಬಲಿಗೆ ಏನು ತರುತ್ತಿದ್ದರು?

ಬೈಬಲಿನ ಹಳೆಯ ಒಡಂಬಡಿಕೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹೋರಿ, ಕುರಿ, ಆಡು ಅಂತ ಇಷ್ಟೆಲ್ಲ ಬಲಿ ಕೊಡಬೇಕು ಅಂದ್ರೆ ಇಸ್ರಾಯೇಲಿನ ಬಡವರು ಏನು ಮಾಡಬೇಕಿತ್ತು? ಅದು ದುಡ್ಡಿದ್ದವರ ಪೂಜೆ ಅಲ್ವಾ?"

ಅಲ್ಲ. ಅದರಲ್ಲೇ ಇರುವ ಯಾಜಕಕಾಂಡ ಎಂಬ ಪುಸ್ತಕದ 5ನೇ ಅಧ್ಯಾಯ ನೋಡಿ. ಸಾಕ್ಷಿ ಹೇಳಬೇಕಾದವನು ಬಾಯಿ ಮುಚ್ಚಿಕೊಂಡಿದ್ದರೆ, ದುಡುಕಿ ಆಣೆ ಇಟ್ಟಿದ್ದರೆ, ತಿಳಿಯದೆ ಮೈಲಿಗೆ ಮುಟ್ಟಿದ್ದರೆ ಒಂದು ಹೆಣ್ಣು ಕುರಿಯನ್ನೋ ಆಡನ್ನೋ ತರಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಎರಡು ಬೆಳವಕ್ಕಿ, ಇಲ್ಲವೇ ಎರಡು ಪಾರಿವಾಳದ ಮರಿ. ಅದಕ್ಕೂ ಗತಿ ಇಲ್ಲದಿದ್ದರೆ ಎಫಾ ಅಳತೆಯ ಹತ್ತನೇ ಒಂದು ಪಾಲು ಹಿಟ್ಟು, ಹೆಚ್ಚುಕಡಿಮೆ 2 ಲೀಟರಿನ ಪಾತ್ರೆ ತುಂಬುವಷ್ಟು. ಎಣ್ಣೆ ಬೇಡ, ಧೂಪ ಬೇಡ. ಯಾಜಕ ಅದರಲ್ಲಿ ಒಂದು ಹಿಡಿ ತೆಗೆದು ಯಜ್ಞವೇದಿಯ ಬೆಂಕಿಗೆ ಹಾಕುತ್ತಿದ್ದ. ಉಳಿದದ್ದು ಅವನಿಗೆ.

ದೋಷ ಕಳೆಯಲು ಸಾಮಾನ್ಯವಾಗಿ ಬಲಿಯ ರಕ್ತ ಬೇಕಿತ್ತು. ಹಿಟ್ಟಿನಲ್ಲಿ ರಕ್ತವೇ ಇಲ್ಲ! ಆದರೂ ದೋಷ ಪರಿಹಾರವಾಯಿತು, ಅವನಿಗೆ ಕ್ಷಮೆ ಸಿಕ್ಕಿತು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಕುರಿ ತಂದವನಿಗೆ ಇದಕ್ಕಿಂತ ಜಾಸ್ತಿ ಏನೂ ಸಿಗುತ್ತಿರಲಿಲ್ಲ. ನನಗಂತೂ ಇಡೀ ಅಧ್ಯಾಯದಲ್ಲಿ ಇದೇ ದೊಡ್ಡ ಮಾತು.

ಎಲ್ಲ ಬಲಿಗೂ ಈ ಅನುಕೂಲ ಇರಲಿಲ್ಲ, ನಿಜ. 4ನೇ ಅಧ್ಯಾಯದ ದೋಷಗಳಿಗೆ ಸಾಮಾನ್ಯ ಮನುಷ್ಯನೂ ಆಡನ್ನೋ ಕುರಿಯನ್ನೋ ತರಲೇಬೇಕಿತ್ತು. ಆದರೆ ಬಡ ಬಾಣಂತಿಗೆ ಕುರಿಮರಿಯ ಬದಲು ಹಕ್ಕಿ ನಡೆಯುತ್ತಿತ್ತು. ಯೇಸು ಹುಟ್ಟಿದಾಗ ತಾಯಿ ಮರಿಯಳ ಕಾಣಿಕೆಯಾಗಿ ಸುವಾರ್ತೆ ಬರೆದ ಲೂಕನು ಹೇಳುವುದು ಜೋಡಿ ಹಕ್ಕಿಯನ್ನೇ.

ಸರ್ವಾಂಗಹೋಮದ, ಅಂದರೆ ಪೂರ್ತಿಯಾಗಿ ಸುಡುವ ಬಲಿಯ, ಹಕ್ಕಿಯನ್ನು ರೆಕ್ಕೆ ಸಮೇತ ಸುಡಬೇಕಿತ್ತು. ಪುಕ್ಕ ಸುಟ್ಟ ವಾಸನೆ ಗೊತ್ತಲ್ಲ, ಹತ್ತಿರ ನಿಲ್ಲಲಾಗುವುದಿಲ್ಲ. ಹಾಗಿದ್ದರೂ ಯಾಕೆ ಸುಡಬೇಕು ಎಂದು ಮುಂದಿನ ಕಾಲದ ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಕೇಳಿಕೊಂಡರು. ಬಡವನ ಕಾಣಿಕೆಯಿಂದಲೂ ವೇದಿ ತುಂಬಿ ಚೆಂದ ಕಾಣಲಿ ಅಂತ, ಎಂದು ಅವರೇ ಉತ್ತರ ಕೊಟ್ಟರು. ಪುಕ್ಕ ಕಿತ್ತರೆ ಅಷ್ಟು ಸಣ್ಣ ಹಕ್ಕಿಯಲ್ಲಿ ಉಳಿಯುವುದಾದರೂ ಎಷ್ಟು?

ಆದರೆ ಹಕ್ಕಿಯೇ ತುಟ್ಟಿಯಾದರೆ? ಹಾಗೂ ಆಗಿತ್ತು. ಯೆರೂಸಲೇಮಿನಲ್ಲಿ ಒಮ್ಮೆ ಜೋಡಿ ಹಕ್ಕಿಯ ಬೆಲೆ ಒಂದು ಚಿನ್ನದ ದಿನಾರಿಗೆ, ಅಂದರೆ 25 ಬೆಳ್ಳಿ ದಿನಾರಿಗೆ ಏರಿತು ಎಂದು ಯೆಹೂದಿ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ಬೆಲೆ ಒಂದು ಬೆಳ್ಳಿ ದಿನಾರಿಗೆ ಇಳಿಯುವ ತನಕ ಈ ರಾತ್ರಿ ಮಲಗುವುದಿಲ್ಲ ಎಂದು ಯೆಹೂದಿಗಳ ಹಿರಿಯ ಗುರು ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ಆಣೆ ಇಟ್ಟರು. ನ್ಯಾಯಸಭೆಗೆ ಹೋಗಿ ಹೊಸ ತೀರ್ಪು ಕೊಟ್ಟರು: ಐದು ಹೆರಿಗೆಯ ಕಾಣಿಕೆ ಬಾಕಿ ಇರುವ ಹೆಂಗಸು ಒಂದನ್ನು ತಂದರೆ ಸಾಕು, ಮಿಕ್ಕದ್ದು ಅವಳ ಮೇಲೆ ಹೊರೆಯಲ್ಲ. ಅದೇ ದಿನ ಬೆಲೆ ಒಂದು ಬೆಳ್ಳಿ ದಿನಾರಿಗಿಂತಲೂ ಕೆಳಗೆ ಬಂತು.