ಹೊಡೆದಾಗ ಪಕ್ಕದಲ್ಲಿ ಯಾರಿದ್ದರು?

ಹದಿನೇಳರ ಹುಡುಗನೊಬ್ಬನ ಬಗ್ಗೆ ಬರೆದ ವರದಿ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. "ಪಶ್ಚಾತ್ತಾಪ ಇಲ್ಲ, ದುಡುಕು ಸ್ವಭಾವ, ಮುಂದೆಯೂ ಹೊಡೆದಾಟಕ್ಕೆ ಇಳಿಯುವ ಅಪಾಯ ಜಾಸ್ತಿ" ಅಂತ ಬರೆದು ಕಳಿಸಿದ್ದೆ. ಹೊಡೆದಾಟದಲ್ಲಿ ಸಿಕ್ಕಿಬಿದ್ದ ಹುಡುಗರಿಂದ ಮುಂದೆ ಎಷ್ಟು ಅಪಾಯ ಅಂತ ಅಂದಾಜು ಮಾಡಿ ವರದಿ ಬರೆಯುವ ಕೆಲಸಕ್ಕೆ ಆಗ ನಾನು ಹೊಸಬಳು. ಏಟು ತಿಂದವನ ಬಗ್ಗೆ ಕೇಳಿದಾಗ ಹುಡುಗ ಕಿಸಕ್ಕನೆ ನಕ್ಕಿದ್ದ, ನಾನು ಆ ನಗುವನ್ನೇ ಹಿಡಿದುಕೊಂಡೆ. ನಗುವಾಗ ಅಂಗಿಯ ತೋಳು ಎಳೆದೆಳೆದು ಬೆರಳು ಮುಚ್ಚಿಕೊಳ್ಳುತ್ತಿದ್ದ. ಅದು ನನ್ನ ಟಿಪ್ಪಣಿಯಲ್ಲಿತ್ತು, ವರದಿಗೆ ಬರಲಿಲ್ಲ.

ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಕಡತ ಓದಿ ಒಂದೇ ಮಾತು ಕೇಳಿದರು: "ಹೊಡೆದಾಗ ಪಕ್ಕದಲ್ಲಿ ಯಾರಿದ್ದರಮ್ಮ?" ನಾನು ಕೇಳಿರಲೇ ಇಲ್ಲ! ಮತ್ತೆ ಹೋಗಿ ಕೇಳಿದೆ. ಮೂರು ಜಗಳ, ಮೂರು ಸಲವೂ ಸುತ್ತ ಗೆಳೆಯರು. ಒಬ್ಬನೇ ಇದ್ದಾಗ ಬೈಸಿಕೊಂಡರೂ ಸುಮ್ನೆ ಎದ್ದು ಹೋಗಿದ್ದ.

ಇದು ಗೊತ್ತಿಲ್ಲದ ವಿಷಯವೇನಲ್ಲ. ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದ್ದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಜಾಸ್ತಿ ಅಪಾಯಕ್ಕೆ ಕೈಹಾಕಿದರು, 24 ದಾಟಿದವರಲ್ಲಿ ಆ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ. ನಾನು ಬಳಸಿದ ಸಾವ್ರಿ (SAVRY), ಅಂದರೆ ಹಿಂಸೆಗೆ ಇಳಿಯುವ ಅಪಾಯ ಅಂದಾಜು ಮಾಡುವ ಪಟ್ಟಿ, ಕೂಡ 12ರಿಂದ 18ರ ವಯಸ್ಸಿನವರಿಗೆಂದೇ ಮಾಡಿದ್ದು. ಅದರಲ್ಲಿ 24 ಅಪಾಯದ ಅಂಶಗಳಿವೆ, ಜೊತೆಗೆ ಹುಡುಗನನ್ನು ಕಾಪಾಡುವ 6 ಅಂಶಗಳೂ ಇವೆ. ಆ ಆರಕ್ಕೂ ನಾನು ಅವಸರದಲ್ಲಿ "ಇಲ್ಲ" ಅಂತ ಗುರುತು ಹಾಕಿದ್ದೆ. ಪ್ರತಿ ಭಾನುವಾರ ತಪ್ಪದೆ ಬಂದು ಅವನಿಗೆ ಸೈಕಲ್ ರಿಪೇರಿ ಕಲಿಸುತ್ತಿದ್ದ ಚಿಕ್ಕಪ್ಪ ಒಬ್ಬರಿದ್ದರು. ಇದೂ ಎರಡನೇ ಭೇಟಿಯಲ್ಲೇ ಗೊತ್ತಾಗಿದ್ದು.

ಹಾಗಂತ ಎಲ್ಲರನ್ನೂ "ಹುಡುಗಾಟ" ಅಂತ ಬಿಡಲಾಗದು. ಚಿಕ್ಕಂದಿನಿಂದಲೇ ಶುರುವಾಗಿ, ಮನೆ, ಶಾಲೆ, ಬೀದಿ ಎಲ್ಲ ಕಡೆ, ಯಾರೂ ನೋಡದಿದ್ದಾಗಲೂ ಹೊಡೆಯುವ ಹುಡುಗನ ದಾರಿ ಬೇರೆ. ಹದಿಹರೆಯದಲ್ಲಷ್ಟೇ ಕಾಣುವುದು ಒಂದು, ಚಿಕ್ಕಂದಿನಿಂದ ಉಳಿದುಬರುವುದು ಇನ್ನೊಂದು ಅಂತ 1993ರಲ್ಲೇ ಮನೋವಿಜ್ಞಾನಿ ಮಾಫಿಟ್ ಈ ಎರಡು ದಾರಿಗಳನ್ನು ಬೇರೆ ಮಾಡಿ ತೋರಿಸಿದ್ದರು. ಹದಿನೇಳರಲ್ಲಿ ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ, ಅಲ್ವಾ? ಅದಕ್ಕೇ ಹಿಂದಿನದನ್ನು ಕೆದಕಿ ಕೇಳಬೇಕು. ಇನ್ನು 18 ತುಂಬಿದ ಕೂಡಲೇ ಕಡತ ದೊಡ್ಡವರ ಕಪಾಟಿಗೆ ಹೋಗುತ್ತದೆ, ಆದರೆ ತನ್ನನ್ನು ತಡೆದುಕೊಳ್ಳುವ ಶಕ್ತಿ ಇಪ್ಪತ್ತರ ನಂತರವೂ ಬಲಿಯುತ್ತಲೇ ಇರುತ್ತದೆ.

ವರದಿ ಮತ್ತೆ ಬರೆದೆ. ಯಾವಾಗ, ಯಾರ ಮುಂದೆ ಕೈ ಎತ್ತುತ್ತಾನೆ ಅಂತ ಬಿಡಿಸಿ ಹೇಳಿದೆ, 6 ತಿಂಗಳಿಗೆ ಮತ್ತೆ ನೋಡಬೇಕು ಅಂತಲೂ ಸೇರಿಸಿದೆ. ಆದರೆ ಹಳೆಯದನ್ನು ಯಾರೂ ತೆಗೆಯಲಿಲ್ಲ. ಅವನ ಕಡತ ತೆರೆದವರಿಗೆ ಮೊದಲು ಸಿಗುವುದು ಈಗಲೂ ಅದೇ ಹಾಳೆ, ಕೆಳಗೆ ನನ್ನ ಸಹಿ.